ಎಕ್ಸ್-ರೇಗೆ ಅರ್ಧ ಸೆಕೆಂಡು, ಮಾತಿಗೆ ಎರಡು ನಿಮಿಷ

ಅವ್ವ ಎರಡು ದಿನ ಮೊಮ್ಮಗಳನ್ನು ಎತ್ತಿಕೊಳ್ಳಲಿಲ್ಲ.

ಸಂಕ್ರಾಂತಿ ಮುಗಿಸಿಕೊಂಡು, ಸಜ್ಜಿ ರೊಟ್ಟಿ, ಶೇಂಗಾ ಹೋಳಿಗೆಯ ಗಂಟು ಕಟ್ಟಿಕೊಂಡು, ಇಳಕಲ್ ಕಡೆಯ ನಮ್ಮೂರಿನಿಂದ ರಾತ್ರಿಯಿಡೀ ಬಸ್ಸಿನಲ್ಲಿ ಕುಳಿತು ಅವಳು ಭೋಸರಿಗೆ ಬಂದದ್ದೇ ಎಂಟು ತಿಂಗಳ ಆ ಕೂಸಿಗಾಗಿ. ಮೊದಲ ವಾರ ಕೂಸು ಅವಳ ಮಡಿಲು ಬಿಟ್ಟು ಇಳಿಯಲಿಲ್ಲ. ಆಮೇಲೆ ಒಂದು ದಿನ ದವಡೆ ಹಲ್ಲು ಬೇನೆ ಎಂದಳು. ಮನೆ ಹತ್ತಿರದ ಹಲ್ಲಿನ ದವಾಖಾನೆಗೆ ಕರೆದುಕೊಂಡು ಹೋಗಿ ಬಂದೆ. ಅಂದು ಸಂಜೆಯಿಂದ ಕೂಸು ಅಳುತ್ತ ಕೈ ಚಾಚಿದರೂ ಅವಳು ದೂರ ಸರಿದು ಕುಳಿತಳು. ನೋವಿರಬೇಕು ಎಂದುಕೊಂಡೆವು. ಮರುದಿನವೂ ಹಾಗೆಯೇ. ಮೂರನೆಯ ದಿನ ಬೆಳಿಗ್ಗೆ ನನ್ನ ಹೆಂಡತಿ ಅಡುಗೆಮನೆಯಲ್ಲಿ ಪಕ್ಕ ಕೂತು ಮೆಲ್ಲಗೆ ಕೇಳಿದಾಗ ಮಾತು ಹೊರಬಿತ್ತು.

“ಆ ಮಷಿನ್ ಚಾಲೂ ಮಾಡಿ ಎಲ್ಲಾರೂ ಹೊರಗ ಹೋಗಿ ನಿಂತ್ರು. ನನ್ನ ಒಬ್ಬಾಕಿನ್ನ ಒಳಗ ಬಿಟ್ರು. ಒಂದ್ ಸಲ ಅಲ್ಲ, ಮೂರು ಸಲ. ಅವ್ರು ಅಷ್ಟು ಹೆದರತಾರ ಅಂದ್ರ ಅದು ಮೈಯಾಗ ಉಳೀತಿರಬೇಕಲ್ಲ? ಕೂಸಿಗೆ ಏನಾರ ತಗಲಿದ್ರ ಏನ್ ಮಾಡ್ಲಿ?”

ಇದನ್ನು ಕೇಳಿ ನನಗೆ ನಗು ಬರಲಿಲ್ಲ, ನಾಚಿಕೆಯಾಯಿತು. ಯಾಕೆಂದರೆ ನಾನು ಎಂ.ಟೆಕ್. ಓದಿದ್ದು ಚಿತ್ರ ಸಂಸ್ಕರಣೆಯನ್ನು. ಹೊಟ್ಟೆ ಹೊರೆಯುತ್ತಿರುವುದೂ ಎಕ್ಸ್-ರೇ ಚಿತ್ರಗಳಿಂದಲೇ. ಭೋಸರಿ ಎಂಐಡಿಸಿ ಬಲ್ಲವರಿಗೆ ಗೊತ್ತು, ಇಲ್ಲಿ ವಾಹನಗಳ ಬಿಡಿಭಾಗ ಮಾಡುವ ಸಣ್ಣ ದೊಡ್ಡ ಕಾರ್ಖಾನೆಗಳು ಸಾಲುಸಾಲಾಗಿವೆ. ಅಲ್ಯೂಮಿನಿಯಂ ಎರಕದ ಭಾಗಗಳ ಒಳಗೆ ಗಾಳಿಗುಳ್ಳೆ ಸೇರಿಕೊಂಡಿದೆಯೇ, ಬಿರುಕಿದೆಯೇ ಎಂದು ನೋಡಲು ಎಕ್ಸ್-ರೇ ತೆಗೆಯುತ್ತಾರೆ. ಆ ಚಿತ್ರದಲ್ಲಿ ದೋಷವನ್ನು ಗುರುತಿಸುವ ಸಾಫ್ಟ್‌ವೇರ್ ಬರೆಯುವುದು ನನ್ನ ಕೆಲಸ. ಕಬ್ಬಿಣ, ಅಲ್ಯೂಮಿನಿಯಂಗೆ ಏನೂ ವಿವರಿಸಬೇಕಿಲ್ಲ. ಅದು ಅಲುಗಾಡುವುದಿಲ್ಲ, ಹೆದರುವುದಿಲ್ಲ, ಮನೆಗೆ ಹೋಗಿ ಮೊಮ್ಮಗಳಿಂದ ದೂರ ಕೂರುವುದಿಲ್ಲ. ಹತ್ತು ವರ್ಷ ಅಂಥ ಚಿತ್ರಗಳನ್ನೇ ನೋಡಿದ ನಾನು, ಅವ್ವನನ್ನು ಆ ಕುರ್ಚಿಯ ಮೇಲೆ ಕೂರಿಸುವ ಮುಂಚೆ ಎರಡು ಮಾತು ಹೇಳಬೇಕೆಂಬುದನ್ನೇ ಮರೆತೆ. ಅವಳು ಒಳಗಿದ್ದಾಗ ನಾನು ಹೊರಗೆ ಕಾರಿಡಾರಿನಲ್ಲಿ ಆಫೀಸಿನ ಕಾಲ್‌ನಲ್ಲಿದ್ದೆ.

ಮೂರು ಸಲ ಯಾಕೆ ತೆಗೆದರು? ಅದನ್ನೂ ಅವ್ವನಿಂದಲೇ ತಿಳಿದುಕೊಂಡೆವು. ಸಹಾಯಕಿ ಹುಡುಗಿ ಅವಳ ಬಾಯೊಳಗೆ ಸೆನ್ಸರ್ ಇಟ್ಟು, ಫೋಟೊ ತೆಗೆಯಬೇಕು ಎಂದು ಮರಾಠಿಯಲ್ಲಿ ಹೇಳಿ, “ಹಲೂ ನಕಾ” ಎಂದಿದ್ದಾಳೆ. ಮರಾಠಿಯಲ್ಲಿ ಹಾಗೆಂದರೆ ಅಲುಗಾಡಬೇಡಿ. ಕನ್ನಡ ಬಿಟ್ಟು ಬೇರೆ ಗೊತ್ತಿಲ್ಲದ ಅವ್ವನಿಗೆ ಕೇಳಿಸಿದ್ದು ಮೂರು ಮಾತು: ಫೋಟೊ, ಹಲ್ಲು, ನಕ್ಕ. ಫೋಟೊ ತೆಗೆಯುವಾಗ ಹಲ್ಲು ಕಾಣುವಂತೆ ನಗಬೇಕು ಎಂದು ತಿಳಿದು, ಬಾಯಲ್ಲಿ ಅಷ್ಟು ದೊಡ್ಡ ವಸ್ತು ಇಟ್ಟುಕೊಂಡೇ ಪಾಪ ನಗಲು ನೋಡಿದ್ದಾಳೆ. ಸೆನ್ಸರ್ ಜಾರಿದೆ. ಹುಡುಗಿ ಮತ್ತೆ ಇಟ್ಟು, ಇನ್ನೂ ಗಟ್ಟಿಯಾಗಿ ಅದೇ “ಹಲೂ ನಕಾ” ಎಂದಿದ್ದಾಳೆ. ಅವ್ವ ಇನ್ನೂ ಅಗಲಕ್ಕೆ ನಕ್ಕಿದ್ದಾಳೆ.

ಕೇಳಲು ಇದೊಂದು ತಮಾಷೆಯ ಪ್ರಸಂಗ. ಗೆಳೆಯರಿಗೆ ಹೇಳಿದಾಗ ಎಲ್ಲರೂ ನಕ್ಕರು. ಆದರೆ ಅವ್ವನ ಭಯ ತಮಾಷೆಯದಾಗಿರಲಿಲ್ಲ. ನಮ್ಮ ಚಿಕ್ಕವ್ವ, ಅಂದರೆ ಅವ್ವನ ತಂಗಿ, ಬಾಯಿ ಕ್ಯಾನ್ಸರಿನಿಂದ ತೀರಿಕೊಂಡವಳು. ಸಣ್ಣ ವಯಸ್ಸಿನಿಂದ ತಂಬಾಕು ಹಾಕುತ್ತಿದ್ದಳು. ಕೊನೆಗೆ ಆಸ್ಪತ್ರೆಯಲ್ಲಿ ವಾರಗಟ್ಟಲೆ ‘ಕರೆಂಟು’ ಕೊಟ್ಟರು. ವಿಕಿರಣ ಚಿಕಿತ್ಸೆಗೆ ನಮ್ಮ ಕಡೆ ಹಾಗೆಯೇ ಅನ್ನುತ್ತಾರೆ. ಚಿಕ್ಕವ್ವನ ಕೆನ್ನೆ ಕಪ್ಪಾದದ್ದು, ಬಾಯೊಳಗೆ ಹುಣ್ಣಾಗಿ ಗಂಜಿ ನುಂಗಲೂ ಆಗದೇ ಹೋದದ್ದು, ಎಲ್ಲವನ್ನೂ ಪಕ್ಕದಲ್ಲಿದ್ದು ನೋಡಿಕೊಂಡವಳು ಅವ್ವ. ಅಲ್ಲಿಯೂ ಹೀಗೆಯೇ ತಂಗಿಯೊಬ್ಬಳನ್ನೇ ಒಳಗೆ ಬಿಟ್ಟು, ಬಾಗಿಲು ಹಾಕಿ, ಎಲ್ಲರೂ ಹೊರಗೆ ನಿಲ್ಲುತ್ತಿದ್ದರು. ಈಗ ತನ್ನ ಕೆನ್ನೆಗೂ ಯಂತ್ರ ಹಚ್ಚಿದರು, ಎಲ್ಲರೂ ಹೊರಗೆ ಹೋದರು, ಏನಾಗಿದೆ ಎಂದು ಯಾರೂ ಹೇಳಲಿಲ್ಲ. ಅವಳ ಸ್ಥಾನದಲ್ಲಿ ನಾನಿದ್ದರೂ ಅದನ್ನೇ ಅಂದುಕೊಳ್ಳುತ್ತಿದ್ದೆ. ಅದನ್ನು ಅಜ್ಞಾನ ಎನ್ನಲಾರೆ. ಕಣ್ಣಾರೆ ಕಂಡದ್ದನ್ನು ಆಧಾರವಾಗಿಟ್ಟುಕೊಂಡು ಮಾಡಿದ ಲೆಕ್ಕ ಅದು. ಅವಳಿಗೆ ಸಿಗದೇ ಹೋದದ್ದು ಸರಿಯಾದ ಮಾಹಿತಿ ಮಾತ್ರ.

ಹಾಗಾಗಿ ಅಂದು ನಾನು ರಜೆ ಹಾಕಿ, ಅವ್ವನ ಎದುರು ಕೂತು, ಹತ್ತು ವರ್ಷದ ವಿದ್ಯೆಯನ್ನು ಮನೆಮಾತಿಗೆ ಇಳಿಸಲು ಪ್ರಯತ್ನಿಸಿದೆ. ಅದು ನಾನು ಬರೆದ ಯಾವ ಪ್ರೋಗ್ರಾಮಿಗಿಂತಲೂ ಕಷ್ಟದ್ದಾಗಿತ್ತು.

ಮೊದಲು ಹೇಳಿದ್ದು: ಅದು ಮೈಯಲ್ಲಿ ಉಳಿಯುವುದಿಲ್ಲ. ಕತ್ತಲೆಯಲ್ಲಿ ಬ್ಯಾಟರಿ ಬಿಟ್ಟರೆ ಗೋಡೆ ಮೇಲೆ ಬೆಳಕು ಬೀಳುತ್ತದೆ, ಆರಿಸಿದರೆ ಗೋಡೆಯಲ್ಲಿ ಬೆಳಕು ಉಳಿಯುವುದಿಲ್ಲ. ಇದೂ ಒಂದು ಬಗೆಯ ಬೆಳಕೇ, ಕಣ್ಣಿಗೆ ಕಾಣದ್ದು. ಸ್ವಿಚ್ಚು ಬಿಟ್ಟ ಕ್ಷಣಕ್ಕೆ ಮುಗಿಯಿತು. ನಿನ್ನಿಂದ ಕೂಸಿಗೆ ಏನೂ ತಗಲುವುದಿಲ್ಲ.

ಎರಡನೆಯದು: ಎಷ್ಟು ಬಿತ್ತು? ಹಲ್ಲಿನ ಒಂದು ಸಣ್ಣ ಎಕ್ಸ್-ರೇಯಲ್ಲಿ ದೇಹಕ್ಕೆ ಸಿಗುವ ವಿಕಿರಣ ಸುಮಾರು 5 ಮೈಕ್ರೊಸೀವರ್ಟ್. ನೆಲ, ಕಲ್ಲು, ಆಕಾಶ, ಗಾಳಿ, ಉಣ್ಣುವ ಅನ್ನ, ಇವುಗಳಿಂದ ಯಾವ ಯಂತ್ರವೂ ಇಲ್ಲದೆ ಮನುಷ್ಯನಿಗೆ ಸಿಗುವುದು ವಿಶ್ವದ ಸರಾಸರಿಯಲ್ಲಿ ವರ್ಷಕ್ಕೆ ಸುಮಾರು 2,400 ಮೈಕ್ರೊಸೀವರ್ಟ್. ದಿನಕ್ಕೆ ಲೆಕ್ಕ ಹಾಕಿದರೆ ಆರೂವರೆ. ಅಂದರೆ ಅವ್ವನಿಗೆ ಮೂರು ಸಲ ತೆಗೆದದ್ದು ಎರಡು ಮೂರು ದಿನ ಸುಮ್ಮನೆ ಬದುಕಿದ್ದಕ್ಕೆ ಸಮ. ಮೈಕ್ರೊಸೀವರ್ಟ್ ಎಂದರೆ ಅವ್ವನಿಗೆ ಏನು ಅರ್ಥವಾದೀತು? ನಮ್ಮ ಇಳಕಲ್ಲಿನ ಕೆಂಪು ಗ್ರ್ಯಾನೈಟ್ ನೆನಪಾಯಿತು. ಗ್ರ್ಯಾನೈಟಿನಲ್ಲಿ ಹುಟ್ಟಿನಿಂದಲೇ ಯುರೇನಿಯಂ, ಥೋರಿಯಂಗಳ ಲವಲೇಶ ಇರುತ್ತದೆ. “ನೀ ದಿನಾ ಸಂಜಿಕ ಕುಂದರತಿಯಲ್ಲ, ಆ ಕಟ್ಟಿ ಕಲ್ಲಿನಾಗೂ ಇದು ಚೂರು ಐತಿ ಅವ್ವ” ಎಂದೆ. “ಆ ಕಟ್ಟಿ ಮ್ಯಾಲೆ ಕುಂತ ನಿಮ್ಮನ್ನೆಲ್ಲ ಎತ್ತಿ ಆಡಿಸೀನಿ” ಎಂದಳು. ಅಲ್ಲಿಗೆ ಅರ್ಧ ಭಯ ಹೋಯಿತು.

ಮೂರನೆಯದು: ಹಾಗಿದ್ದರೆ ಅವರು ಯಾಕೆ ಹೊರಗೆ ಹೋದರು? ಇದು ಅವ್ವನ ಅತಿ ಗಟ್ಟಿ ಪ್ರಶ್ನೆ. ನಿನಗೆ ವರ್ಷಕ್ಕೋ ಎರಡು ವರ್ಷಕ್ಕೋ ಒಮ್ಮೆ. ಅವರು ದಿನವಿಡೀ, ವರ್ಷವಿಡೀ ಅಲ್ಲೇ ಇರುವವರು. ಹನಿ ಹನಿಯೂ ಅವರಿಗೆ ಕೂಡುತ್ತ ಹೋಗುತ್ತದೆ. ಅಲ್ಲದೆ ಅವರು ಅಲ್ಲಿ ನಿಂತು ಪ್ರಯೋಜನವೂ ಇಲ್ಲ. ದೂರ ಎರಡು ಪಟ್ಟಾದರೆ ಕಿರಣದ ಬಲ ಕಾಲು ಭಾಗಕ್ಕೆ ಇಳಿಯುತ್ತದೆ, ಅದಕ್ಕೇ ನಾಲ್ಕು ಹೆಜ್ಜೆ ಹಿಂದೆ ಸರಿಯುತ್ತಾರೆ. “ಹಂಗಂತ ಒಂದ್ ಮಾತು ಹೇಳಿ ಹೋಗಬೇಕಿಲ್ಲೇನು?” ಎಂದಳು ಅವ್ವ. ಅದಕ್ಕೆ ನನ್ನ ಬಳಿ ಉತ್ತರವಿರಲಿಲ್ಲ. ಈ ಲೇಖನ ಹುಟ್ಟಿದ್ದು ಆ ಪ್ರಶ್ನೆಯಿಂದಲೇ.

ಎಕ್ಸ್-ರೇ ಭಯಕ್ಕೆ ಆಧಾರವೇ ಇಲ್ಲ ಎಂದೂ ನಾನು ಹೇಳಲಾರೆ. ರಾಂಟ್‌ಜನ್ ಈ ಕಿರಣಗಳನ್ನು ಕಂಡುಹಿಡಿದದ್ದು 1895ರ ನವೆಂಬರ್‌ನಲ್ಲಿ. ಮರುವರ್ಷದ ಜನವರಿಯಲ್ಲೇ ಜರ್ಮನಿಯ ದಂತವೈದ್ಯ ಒಟ್ಟೊ ವಾಲ್ಕಾಫ್ ತನ್ನ ಹಲ್ಲುಗಳ ಚಿತ್ರ ತೆಗೆಸಿಕೊಂಡ. ಅದಕ್ಕೆ 25 ನಿಮಿಷ ಕಿರಣಗಳ ಎದುರು ಅಲುಗಾಡದೆ ಇರಬೇಕಾಯಿತು. ಅಮೆರಿಕದ ನ್ಯೂ ಆರ್ಲಿಯನ್ಸ್‌ನ ದಂತವೈದ್ಯ ಎಡ್ಮಂಡ್ ಕೆಲ್ಸ್ ಅದೇ ಕಾಲದಿಂದ ತನ್ನ ಕೈಯನ್ನು ಮತ್ತೆ ಮತ್ತೆ ಈ ಕಿರಣಗಳಿಗೆ ಒಡ್ಡುತ್ತಿದ್ದ. ವರ್ಷಗಳ ನಂತರ ಕೈಗೆ ಕ್ಯಾನ್ಸರ್ ಬಂದು, ಬೆರಳು, ಕೈ, ತೋಳು ಒಂದೊಂದಾಗಿ ಕತ್ತರಿಸಿ, 1928ರಲ್ಲಿ ತಾನೇ ಪ್ರಾಣ ಕಳೆದುಕೊಂಡ. ಇಂದು ಅದೇ ಚಿತ್ರಕ್ಕೆ ಸೆಕೆಂಡಿನ ಒಂದು ಚೂರು ಸಾಕು. ಈ ದೂರ ಸವೆಯಲು ನೂರು ವರ್ಷದ ವಿಜ್ಞಾನ ಬೇಕಾಯಿತು. ವಿಜ್ಞಾನದ ಆ ಶ್ರಮವನ್ನೆಲ್ಲ ಒಂದು ‘ಹಲೂ ನಕಾ’ ಮೂರು ಪಟ್ಟು ಹಿಂದಕ್ಕೆ ತಳ್ಳಿತು ಎಂಬುದೇ ನನ್ನ ತಕರಾರು.

ವಿಕಿರಣ ಸುರಕ್ಷತೆಯ ಮೂಲಸೂತ್ರ ಇಷ್ಟೇ: ಅಗತ್ಯವಿದ್ದರೆ ಮಾತ್ರ, ಅದೂ ಸಾಧ್ಯವಾದಷ್ಟು ಕಡಿಮೆ. ಕಡಿಮೆ ಮಾಡಲು ಡಿಜಿಟಲ್ ಸೆನ್ಸರ್ ಬಂತು, ವೇಗದ ಯಂತ್ರ ಬಂತು. ನಮ್ಮ ದೇಶದಲ್ಲಿ ಪರಮಾಣು ಶಕ್ತಿ ನಿಯಂತ್ರಣ ಮಂಡಳಿ 1983ರಿಂದ ಇದೆ, ಅದರ ಕಚೇರಿ ಇರುವುದು ಇಲ್ಲೇ ಮುಂಬಯಿಯ ಅಣುಶಕ್ತಿನಗರದಲ್ಲಿ. ಹಲ್ಲಿನ ಸಣ್ಣ ಎಕ್ಸ್-ರೇ ಯಂತ್ರವನ್ನೂ ಅದರ ಲೆಕ್ಕಕ್ಕೆ ತರಬೇಕು, ಅನುಮತಿ ಪಡೆಯಬೇಕು. ಯಂತ್ರ ಸರಿಯಿದೆಯೇ ಎಂದು ಅಳೆಯಲು ಉಪಕರಣಗಳಿವೆ. ಯಂತ್ರದ ಮುಂದೆ ಕೂತವರಿಗೆ ವಿಷಯ ತಿಳಿಯಿತೇ ಎಂದು ಅಳೆಯಲು ಇರುವುದು ಮಾತು ಮಾತ್ರ. ರೋಗಿ ಅಲುಗಾಡಿದರೆ ಚಿತ್ರ ಮಸುಕು, ಸೆನ್ಸರ್ ಜಾರಿದರೆ ಬೇರಿನ ತುದಿ ಕಾಣುವುದಿಲ್ಲ, ಮತ್ತೆ ತೆಗೆಯಬೇಕು. ಹೀಗಾಗಿ ರೋಗಿಯ ಜೊತೆ ಮಾತಾಡುವುದನ್ನು ಬರೀ ಸೌಜನ್ಯದ ಪಟ್ಟಿಗೆ ಸೇರಿಸಬಾರದು, ಅದೂ ಸುರಕ್ಷತೆಯ ಕೆಲಸವೇ.

ಎರಡನೆಯ ಭೇಟಿಗೆ ಅವ್ವ ಬರಲು ಒಪ್ಪಿದ್ದು ಒಂದೇ ಷರತ್ತಿನ ಮೇಲೆ: ನಾನು ಫೋನು ಜೇಬಿನಿಂದ ತೆಗೆಯಬಾರದು. ಡಾಕ್ಟರಿಗೆ ನಡೆದದ್ದನ್ನೆಲ್ಲ ಹೇಳಿದೆ. ಅವರು ಕೆಟ್ಟವರಲ್ಲ, ಬೇಸರ ಮಾಡಿಕೊಂಡರು. “ಯಾರೂ ಏನೂ ಕೇಳುವುದಿಲ್ಲ. ಕೇಳದಿದ್ದರೆ ತಿಳಿದಿದೆ ಎಂದುಕೊಳ್ಳುತ್ತೇವೆ” ಎಂದರು. ಹೊರಗೆ ಬೆಂಚು ತುಂಬಿತ್ತು. ಆದರೂ ಪರದೆಯನ್ನು ಅವ್ವನ ಕಡೆಗೆ ತಿರುಗಿಸಿದರು. ಅವರು ಮರಾಠಿಯಲ್ಲಿ ಹೇಳಿದ್ದನ್ನು ನಾನು ಕನ್ನಡಕ್ಕೆ ತಂದೆ. ಇದು ನಿಮ್ಮ ದವಡೆ ಹಲ್ಲು, ಇವು ಅದರ ಎರಡು ಬೇರು, ಬೆಳ್ಳಗೆ ಕಾಣುವುದು ಗಟ್ಟಿ ಭಾಗ. ಇಲ್ಲಿ ಬೇರಿನ ತುದಿಯಲ್ಲಿ ಉದ್ದಿನಕಾಳಿನಷ್ಟು ಕಪ್ಪು ಇದೆಯಲ್ಲ, ಅಲ್ಲಿ ಕೀವಿನಿಂದ ಎಲುಬು ಸವೆದಿದೆ.

“ಅದು ಹುಳಾನ?” ಎಂದಳು ಅವ್ವ. ಹುಳ ಅಲ್ಲ, ಸೋಂಕು ಎಂದರು. ಅವ್ವ ಸ್ವಲ್ಪ ಹೊತ್ತು ಪರದೆಯನ್ನೇ ನೋಡಿದಳು. ಆಮೇಲೆ ನನ್ನ ಕಡೆ ತಿರುಗದೆ ಡಾಕ್ಟರನ್ನೇ ನೋಡುತ್ತ ಕನ್ನಡದಲ್ಲೇ ಕೇಳಿದಳು: “ಅಂದ್ರ ನನ್ನ ತಂಗೀಗೆ ಆಗಿದ್ದು ಅಲ್ಲ?”

ಇದೇ ಅವಳ ನಿಜವಾದ ಪ್ರಶ್ನೆಯಾಗಿತ್ತು. ಮೂರು ದಿನ ಅವಳು ಅದನ್ನು ಎದೆಯಲ್ಲಿ ಇಟ್ಟುಕೊಂಡಿದ್ದಳು. ನನಗೂ ಹೇಳಿರಲಿಲ್ಲ, ನನ್ನ ಹೆಂಡತಿಗೂ ಹೇಳಿರಲಿಲ್ಲ. ಡಾಕ್ಟರು ಕೂಡಲೇ ಉತ್ತರ ಕೊಡಲಿಲ್ಲ. ಕೈಗವಸು ಹಾಕಿಕೊಂಡು ನಾಲಿಗೆ, ಕೆನ್ನೆಯ ಒಳಭಾಗ, ವಸಡು, ಕತ್ತಿನ ಬದಿ ಎಲ್ಲವನ್ನೂ ಇನ್ನೊಮ್ಮೆ ಮುಟ್ಟಿ ನೋಡಿದರು. ಆಮೇಲೆ “ನಾಹೀ ಮಾವಶಿ” ಎಂದರು. ಅದನ್ನು ನಾನು ಅನುವಾದಿಸಬೇಕಾಗಲಿಲ್ಲ. ಚಿಕ್ಕವ್ವನಿಗೆ ಕೊಟ್ಟ ‘ಕರೆಂಟು’ ರೋಗವನ್ನು ಸುಡಲೆಂದೇ ಕೊಡುವ ಚಿಕಿತ್ಸೆ, ಇದು ಬರೀ ನೋಡಲು ತೆಗೆಯುವ ಚಿತ್ರ, ಎರಡರ ಪ್ರಮಾಣಕ್ಕೂ ಸಾವಿರಾರು ಪಟ್ಟು ಅಂತರ ಎಂಬುದನ್ನು ಆಮೇಲೆ ವಿವರಿಸಿದೆವು.

ರೂಟ್ ಕೆನಾಲ್ ಚಿಕಿತ್ಸೆಯಲ್ಲಿ ನಡುನಡುವೆ ಎಕ್ಸ್-ರೇ ಬೇಕಾಗುತ್ತದೆ. ಬೇರು ಎಷ್ಟು ಆಳವಿದೆ, ತುಂಬಿದ್ದು ತುದಿಯವರೆಗೆ ಮುಟ್ಟಿದೆಯೇ ಎಂದು ನೋಡಬೇಕು. ಈ ಸಲ ಸಹಾಯಕಿ ಮೊದಲು ಸೆನ್ಸರನ್ನು ಅವ್ವನ ಅಂಗೈ ಮೇಲಿಟ್ಟು ತೋರಿಸಿದಳು. ಎಲ್ಲಿ ಕಚ್ಚಬೇಕು, ಮೂಗಿನಿಂದ ಹೇಗೆ ಉಸಿರಾಡಬೇಕು ಎಂದು ತಾನೇ ಮಾಡಿ ತೋರಿಸಿದಳು. ಮಕ್ಕಳ ದಂತವೈದ್ಯರು ದಶಕಗಳಿಂದ ಬಳಸುವ ‘ಹೇಳು, ತೋರಿಸು, ಮಾಡು’ ಎಂಬ ಕ್ರಮ ಇದೇ. ಅದು ಮಕ್ಕಳಿಗೆ ಮಾತ್ರ ಎಂದು ಯಾಕೆ ಅಂದುಕೊಂಡಿದ್ದೇವೋ ತಿಳಿಯದು. ಅವ್ವ ಕಲ್ಲಿನ ಹಾಗೆ ಕೂತಳು. ಒಂದೇ ಸಲಕ್ಕೆ ಚಿತ್ರ ಬಂತು. ಮನೆಗೆ ಬಂದು ಕೈಕಾಲು ತೊಳೆದು ಮೊದಲು ಮಾಡಿದ ಕೆಲಸ ಕೂಸನ್ನು ಎತ್ತಿಕೊಂಡದ್ದು.

ಇದನ್ನು ಓದಿ ಯಾರಾದರೂ ಮಹಾರಾಷ್ಟ್ರದಲ್ಲಿ ಕನ್ನಡದವರ ಪಾಡು ನೋಡಿ ಎಂದರೆ ಅದು ನನ್ನ ಮಾತಲ್ಲ. ಆ ಸಹಾಯಕಿ ಅವಳ ಊರಿನಲ್ಲಿ ಅವಳ ಭಾಷೆಯಲ್ಲಿ ಮಾತಾಡಿದಳು, ತಪ್ಪೇನು? ಇದೇ ಪ್ರಸಂಗವನ್ನು ಬೆಂಗಳೂರಿಗೆ ಒಯ್ದು ನೋಡಿ. ಬಿಹಾರದ ಗಾರೆ ಕೆಲಸದವನೊಬ್ಬ ಅಲ್ಲಿನ ದವಾಖಾನೆಯಲ್ಲಿ “ಅಲ್ಲಾಡಬೇಡಿ” ಎಂಬ ಮಾತು ಕೇಳಿ ಏನು ಮಾಡಿಯಾನು? ಭೋಸರಿಯಲ್ಲಿ ವಿಜಯಪುರ, ಕಲಬುರಗಿ, ಬೀದರ್ ಕಡೆಯಿಂದ ಬಂದು ಕಾರ್ಖಾನೆಗಳಲ್ಲಿ, ಕಟ್ಟಡಗಳಲ್ಲಿ ದುಡಿಯುವವರು ಬಹಳ ಇದ್ದಾರೆ. ದುಡಿಯುವವರು ಹೇಗೋ ನಾಲ್ಕು ದಿನಕ್ಕೆ ಭಾಷೆ ಕಲಿಯುತ್ತಾರೆ. ಕಲಿಯದೆ ಉಳಿಯುವವರು ಅವರ ಬೆನ್ನಿಗೆ ಬರುವ ತಂದೆತಾಯಿ, ಹೊಸದಾಗಿ ಮದುವೆಯಾಗಿ ಬಂದ ಹೆಣ್ಣುಮಕ್ಕಳು. ದವಾಖಾನೆಗೆ ಹೆಚ್ಚು ಹೋಗಬೇಕಾದವರೂ ಅವರೇ.

ಹೆಣ್ಣುಮಕ್ಕಳ ವಿಚಾರದಲ್ಲಿ ಇನ್ನೊಂದು ತೊಡಕಿದೆ. ಎಕ್ಸ್-ರೇಗೆ ಮುಂಚೆ ಬಸಿರಿದ್ದೀರಾ ಎಂದು ಕೇಳಬೇಕು. ಹಲವು ಕಡೆ ಇದನ್ನು ಬಾಗಿಲ ಮೇಲಿನ ಬೋರ್ಡಿಗೆ ಬಿಟ್ಟಿರುತ್ತಾರೆ, ಇಲ್ಲವೇ ತುಂಬಿದ ಹಾಲಿನಲ್ಲಿ ಜೋರಾಗಿ ಕೇಳುತ್ತಾರೆ. ಅತ್ತೆ, ಮಾವ ಪಕ್ಕದಲ್ಲಿ ಕೂತಿರುವಾಗ, ಇನ್ನೂ ಮನೆಯಲ್ಲಿ ಹೇಳದ ವಿಷಯವನ್ನು ಸೊಸೆ ಹೇಗೆ ಹೇಳಿಯಾಳು? ಇಲ್ಲ ಎಂದುಬಿಡುತ್ತಾಳೆ. ಆಮೇಲೆ ಒಂಬತ್ತು ತಿಂಗಳು ಒಳಗೊಳಗೇ ಹೆದರುತ್ತಾಳೆ. ಹಲ್ಲಿನ ಎಕ್ಸ್-ರೇ ಕಿರಣ ಬೀಳುವುದು ಮುಖಕ್ಕೆ, ಗರ್ಭಕ್ಕೆ ತಲುಪುವುದು ಅತಿ ಅಲ್ಪ. ಅಗತ್ಯವಿದ್ದರೆ ಬಸಿರಿಯರಿಗೂ ತೆಗೆಯಬಹುದು, ಅವಸರವಿಲ್ಲದಿದ್ದರೆ ಮುಂದೂಡಬಹುದು. ತೀರ್ಮಾನ ಡಾಕ್ಟರದು. ಆದರೆ ಅವರು ತೀರ್ಮಾನಿಸಬೇಕಾದರೆ ನಿಜ ತಿಳಿಯಬೇಕು, ನಿಜ ತಿಳಿಯಬೇಕಾದರೆ ಒಳಗೆ ಕರೆದು, ಒಬ್ಬರೇ ಇದ್ದಾಗ, ತಿಳಿಯುವ ಭಾಷೆಯಲ್ಲಿ ಕೇಳಬೇಕು.

ಇದು ದವಾಖಾನೆಯವರ ದಾಕ್ಷಿಣ್ಯಕ್ಕೆ ಬಿಟ್ಟ ವಿಷಯವೂ ಅಲ್ಲ. ರಾಷ್ಟ್ರೀಯ ಮಾನವ ಹಕ್ಕುಗಳ ಆಯೋಗ ಸಿದ್ಧಪಡಿಸಿ, 2018ರಲ್ಲಿ ಕೇಂದ್ರ ಆರೋಗ್ಯ ಸಚಿವಾಲಯ ಜನರ ಮುಂದಿಟ್ಟ ರೋಗಿಗಳ ಹಕ್ಕುಗಳ ಸನ್ನದಿನಲ್ಲಿ, ಕಾಯಿಲೆ ಮತ್ತು ತಪಾಸಣೆಯ ವಿವರವನ್ನು ರೋಗಿಗೆ ಗೊತ್ತಿರುವ ಭಾಷೆಯಲ್ಲಿ, ಅವರಿಗೆ ತಿಳಿಯುವ ಹಾಗೆ ಹೇಳಬೇಕು ಎಂದಿದೆ. ತಮ್ಮ ದಾಖಲೆ, ವರದಿಗಳನ್ನು ಪಡೆಯುವುದೂ ಅದರಲ್ಲಿನ ಒಂದು ಹಕ್ಕು. ಕಾಗದದ ಮೇಲಿರುವ ಈ ಮಾತನ್ನು ಕುರ್ಚಿಯ ಹತ್ತಿರಕ್ಕೆ ತರುವುದು ಹೇಗೆ? ಪ್ರತಿ ಕ್ಲಿನಿಕ್ಕಿನಲ್ಲೂ ಹತ್ತು ಭಾಷೆ ಬಲ್ಲವರನ್ನು ಇಡಲಾಗದು. ಆದರೆ ಒಂದು ಹಾಳೆಯನ್ನಂತೂ ಇಡಬಹುದು.

ನಾವು ನಮ್ಮ ಓಣಿಯ ಕನ್ನಡದ ನಾಲ್ಕು ಮನೆಯವರು ಸೇರಿ ಮಾಡಿದ್ದು ಇಷ್ಟೇ. ಒಂದು ಹಾಳೆಯ ಮೇಲೆ ಎಡಕ್ಕೆ ಮರಾಠಿ, ಬಲಕ್ಕೆ ಕನ್ನಡ. ಡಾಕ್ಟರು ತಮ್ಮ ಸಾಲನ್ನು ಓದಿ ಬೆರಳಿಡಬಹುದು, ರೋಗಿ ಪಕ್ಕದ ಸಾಲನ್ನು ಓದಬಹುದು ಅಥವಾ ಓದಿಸಿಕೊಳ್ಳಬಹುದು. ಕನ್ನಡದ ಸಾಲುಗಳು ಇವು:

ನಿಮ್ಮ ಹಲ್ಲಿನ ಬೇರು ಮತ್ತು ಎಲುಬು ಹೊರಗಿನಿಂದ ಕಾಣುವುದಿಲ್ಲ, ಅದಕ್ಕೆ ಈ ಚಿತ್ರ ತೆಗೆಯುತ್ತೇವೆ.
ನೀವು ಬಸಿರಿದ್ದರೆ ಅಥವಾ ಇರಬಹುದು ಅನಿಸಿದರೆ ಈಗಲೇ ಹೇಳಿ.
ಬಾಯಿ ತೆರೆಯಿರಿ. ಇದನ್ನು ಮೆಲ್ಲಗೆ ಕಚ್ಚಿ ಹಿಡಿಯಿರಿ.
ಮೂಗಿನಿಂದ ಉಸಿರಾಡಿ. ಅಲುಗಾಡಬೇಡಿ. ನೋವಾದರೆ ಎಡಗೈ ಎತ್ತಿ.
ನಾವು ದಿನವೂ ಇದೇ ಕೆಲಸ ಮಾಡುವುದರಿಂದ ದೂರ ನಿಲ್ಲುತ್ತೇವೆ. ನಿಮ್ಮನ್ನು ನೋಡುತ್ತಲೇ ಇರುತ್ತೇವೆ.
ಒಂದು ಕ್ಷಣ ಸಾಕು. ಮುಗಿದ ಮೇಲೆ ಮೈಯಲ್ಲಿ ಏನೂ ಉಳಿಯುವುದಿಲ್ಲ.
ಚಿತ್ರದಲ್ಲಿ ಏನಿದೆ ಎಂದು ತೋರಿಸುತ್ತೇವೆ. ನಿಮಗೆ ಏನು ಕೇಳಬೇಕೋ ಕೇಳಿ.

ಇವನ್ನು ನಿಧಾನವಾಗಿ ಓದಿದರೂ ಒಂದು ನಿಮಿಷ ಹಿಡಿಯುವುದಿಲ್ಲ. ಕೊನೆಯ ಸಾಲನ್ನು ಸೇರಿಸಿದ್ದು ಅವ್ವನ ಪ್ರಶ್ನೆ ನೆನಪಾಗಿ. ಅದಕ್ಕೆ ಇನ್ನೊಂದು ನಿಮಿಷ ಇಟ್ಟುಕೊಳ್ಳಿ.

ಈ ಹಾಳೆಯನ್ನು ಹಿಡಿದು ಓದುವವರಿಗೆ ನನ್ನದೊಂದು ಸಲಹೆ. “ತಿಳೀತಾ?” ಎಂದು ಮಾತ್ರ ಕೇಳಬೇಡಿ. ನಮ್ಮ ಹಿರಿಯರು ಡಾಕ್ಟರ ಎದುರು ಎಲ್ಲದಕ್ಕೂ ಹೂಂ ಎನ್ನುತ್ತಾರೆ. ವಾಟ್ಸ್‌ಆ್ಯಪ್‌ನಲ್ಲಿ ನೀಲಿ ಗೀಟು ಬಂದರೆ ಸಂದೇಶ ತೆರೆದಿದ್ದಾರೆ ಎಂದಷ್ಟೇ ಗೊತ್ತಾಗುತ್ತದೆ, ಅರ್ಥವಾಯಿತೋ ಇಲ್ಲವೋ ಗೊತ್ತಾಗುವುದಿಲ್ಲ. ಹೂಂ ಕೂಡ ಹಾಗೆಯೇ. “ಈಗ ಹೇಗೆ ಕಚ್ಚತೀರಿ, ಒಮ್ಮೆ ತೋರಿಸಿ” ಎಂದು ಕೇಳಿ. ಅಲ್ಲಿ ತಪ್ಪಿದರೆ ಯಂತ್ರ ಚಾಲೂ ಆಗುವ ಮುಂಚೆಯೇ ತಿದ್ದಬಹುದು.

ನಾವು ಕೇಳಬೇಕಾದ ಪ್ರಶ್ನೆಗಳೂ ಇವೆ. ಈ ಎಕ್ಸ್-ರೇ ಯಾಕೆ ಬೇಕು, ಇದರಿಂದ ಚಿಕಿತ್ಸೆಯಲ್ಲಿ ಏನು ಬದಲಾಗುತ್ತದೆ? ಹೋದ ತಿಂಗಳು ಬೇರೆ ಕಡೆ ತೆಗೆಸಿದ್ದು ಇದೆ, ಅದು ಸಾಕಾಗುತ್ತದೆಯೇ? ಚಿತ್ರವನ್ನು ನನ್ನ ಫೋನಿಗೆ ಕಳಿಸುತ್ತೀರಾ? ಊರು ಬದಲಿಸುತ್ತ ಇರುವ ನಮ್ಮಂಥವರಿಗೆ ಕೊನೆಯದು ಬಹಳ ಮುಖ್ಯ. ಪುಣೆಯಲ್ಲಿ ತೆಗೆದದ್ದು ಕೈಯಲ್ಲಿದ್ದರೆ ಊರಿನ ಡಾಕ್ಟರು ಅದನ್ನೇ ಮತ್ತೆ ತೆಗೆಯಬೇಕಿಲ್ಲ. ಎಲ್ಲ ಎಕ್ಸ್-ರೇ ಒಂದೇ ಅಳತೆಯದಲ್ಲ ಎಂಬುದೂ ಗೊತ್ತಿರಲಿ. ತಲೆಯ ಸುತ್ತ ಯಂತ್ರ ತಿರುಗಿ ಇಡೀ ದವಡೆಯನ್ನು ತೋರಿಸುವ ಒಪಿಜಿಗೆ ಸಾಮಾನ್ಯವಾಗಿ 10ರಿಂದ 25 ಮೈಕ್ರೊಸೀವರ್ಟ್. ಮೂರು ಆಯಾಮದ ಸಿಬಿಸಿಟಿ ಸ್ಕ್ಯಾನಿಗೆ ಹತ್ತಾರರಿಂದ ಕೆಲವು ನೂರರವರೆಗೂ ಹೋಗಬಹುದು. ದೊಡ್ಡದನ್ನು ಬರೆದುಕೊಟ್ಟಾಗ ಯಾಕೆ ಎಂದು ಕೇಳುವುದು ಅವಿಶ್ವಾಸವಲ್ಲ.

ಕೆಲವರು ಸೀಸದ ಏಪ್ರನ್ ಕೊಡಲಿಲ್ಲ ಎಂದು ಜಗಳ ತೆಗೆಯುತ್ತಾರೆ. ಅಮೆರಿಕದ ದಂತವೈದ್ಯರ ಸಂಘ 2024ರ ಫೆಬ್ರುವರಿಯಲ್ಲಿ, ಹಲ್ಲಿನ ಎಕ್ಸ್-ರೇಗೆ ಏಪ್ರನ್ ಆಗಲಿ ಕುತ್ತಿಗೆಪಟ್ಟಿಯಾಗಲಿ ಇನ್ನು ಅಗತ್ಯವಿಲ್ಲ ಎಂದು ಹೇಳಿತು. ಇಂದಿನ ಯಂತ್ರಗಳ ಕಿರಣ ಅಷ್ಟು ಕಿರಿದು, ಜೊತೆಗೆ ಏಪ್ರನ್ ಕೆಲವೊಮ್ಮೆ ಚಿತ್ರಕ್ಕೆ ಅಡ್ಡ ಬಂದು ಮತ್ತೊಮ್ಮೆ ತೆಗೆಯುವ ಹಾಗೆ ಮಾಡುತ್ತದೆ ಎಂಬುದು ಕಾರಣ. ಅಮೆರಿಕದಲ್ಲಿರುವ ಗೆಳೆಯನೊಬ್ಬ ಏಪ್ರನ್ ಇಲ್ಲದ್ದನ್ನು ಕಂಡು ಗಾಬರಿಯಾಗಿ ನನಗೆ ಫೋನು ಮಾಡಿದ್ದ. ಅಲ್ಲಿಯೂ ನಡೆದದ್ದು ಅದೇ: ಪದ್ಧತಿ ಬದಲಾಯಿತು, ಬದಲಾದ ಕಾರಣವನ್ನು ಕುರ್ಚಿಯಲ್ಲಿ ಕೂತವನಿಗೆ ಯಾರೂ ಹೇಳಲಿಲ್ಲ. ಇಂಗ್ಲಿಷ್ ಚೆನ್ನಾಗಿ ಬಲ್ಲವನಿಗೂ ಹೀಗಾಗುತ್ತದೆ ಎಂದರೆ, ತೊಡಕು ಭಾಷೆಯದು ಮಾತ್ರವಲ್ಲ. ಹೇಳಬೇಕು ಎಂದು ಅನಿಸದೇ ಇರುವುದರದ್ದು.

ಹೊರಗಿರುವ ಕನ್ನಡಿಗರಲ್ಲಿ, ವಿಶೇಷವಾಗಿ ನನ್ನ ಹಾಗೆ ಓದಿಕೊಂಡವರಲ್ಲಿ, ನನ್ನ ವಿನಂತಿ ಇಷ್ಟು. ಊರಿನಿಂದ ಅಪ್ಪ ಅವ್ವ ಬಂದಾಗ ಒಳ್ಳೆಯ ಡಾಕ್ಟರನ್ನು ಹುಡುಕುತ್ತೇವೆ, ಆ್ಯಪಿನಲ್ಲಿ ಸಮಯ ಗೊತ್ತುಮಾಡುತ್ತೇವೆ, ಬಿಲ್ಲು ಕಟ್ಟುತ್ತೇವೆ, ಕರ್ತವ್ಯ ಮುಗಿಯಿತು ಎಂದುಕೊಳ್ಳುತ್ತೇವೆ. ಅವರ ಜೊತೆ ಒಳಗೆ ಹೋಗಿ ನಿಂತು ಅವರ ಮಾತನ್ನು ಅತ್ತ, ಡಾಕ್ಟರ ಮಾತನ್ನು ಇತ್ತ ದಾಟಿಸುವ ಕೆಲಸವನ್ನು ಮಾತ್ರ ಬಿಟ್ಟುಬಿಡುತ್ತೇವೆ. ಅದನ್ನು ಇನ್ನಾರೂ ನಮ್ಮ ಬದಲು ಮಾಡಲಾರರು. ಯಂತ್ರ ಚಾಲೂ ಆಗುವ ಆ ಒಂದು ಕ್ಷಣ ಹೊರಗೆ ನಿಲ್ಲೋಣ, ಅದು ನಿಯಮ. ಅದರ ಮುಂಚಿನ ಎರಡು ನಿಮಿಷ ಒಳಗಿರೋಣ.

ಊರಿಗೆ ಹೊರಡುವ ದಿನ ಅವ್ವ ಆ ಹಾಳೆಯ ಒಂದು ಪ್ರತಿ ಬೇಕೆಂದಳು. ನಿನಗೆ ಓದಲು ಬರುವುದಿಲ್ಲ, ಅಲ್ಲಿ ಡಾಕ್ಟರೂ ಕನ್ನಡದವರೇ, ಇದು ಯಾಕೆ ಎಂದೆ.

“ಕನ್ನಡದವ್ರಾದ್ರ ಹೇಳತಾರೇನು?” ಎಂದು ಹಾಳೆಯನ್ನು ಮಡಚಿ ಚೀಲದಲ್ಲಿ ಇಟ್ಟುಕೊಂಡಳು.